ದಿನಬಳಕೆಗೆ ಪೆನ್ ಡ್ರೈವ್: ಡಬ್ಬಿ ಮೇಲಿನ ನಂಬರ್ ನೋಡಿ ತಗೋಬಹುದಾ?

ಶಿರಸಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತೇನೆ. ಹೊಸ ಪೆನ್ ಡ್ರೈವ್ ಬೇಕಾಗಿದೆ. ನನ್ನ ಕೆಲಸ ಇಷ್ಟು. ಮನೆಯ ಲ್ಯಾಪ್‌ಟಾಪಿನಿಂದ ಪಾಠದ ವಿಡಿಯೋ, ಸ್ಲೈಡ್ ಹಾಕಿಕೊಂಡು ಹೋಗಿ ಸ್ಮಾರ್ಟ್ ಕ್ಲಾಸ್ ಟಿವಿಗೆ ಸಿಕ್ಕಿಸೋದು. ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸೋದು. ಮೊಬೈಲ್ ತುಂಬಿದಾಗ ಫೋಟೋ ಇಳಿಸಿ ಇಡೋದು. ಕಾರಿನಲ್ಲಿ ಯಕ್ಷಗಾನದ ಪದ ಕೇಳೋದು.

ಅಂಗಡಿಯಲ್ಲಿ ಮೂರು ತೋರಿಸಿದರು. ಸ್ಯಾನ್‌ಡಿಸ್ಕ್ ಕ್ರೂಸರ್ ಬ್ಲೇಡ್, ಎಲ್ಲಕ್ಕಿಂತ ಅಗ್ಗ. ಸ್ಯಾಮ್‌ಸಂಗ್ ಬಾರ್ ಪ್ಲಸ್, ಪೂರ್ತಿ ಲೋಹದ್ದು. ಇನ್ನೊಂದು ಸ್ಯಾನ್‌ಡಿಸ್ಕ್ ಅಲ್ಟ್ರಾ ಡ್ಯುಯಲ್, ಒಂದು ತುದಿ ಮಾಮೂಲಿ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ. ಡ್ಯುಯಲ್ ಡಬ್ಬಿ ಮೇಲೆ ಸೆಕೆಂಡಿಗೆ 150 ಎಂಬಿ ವರೆಗೆ ಅಂತಿದೆ, ಲೋಹದ್ದರ ಮೇಲೆ ಅದರ ದುಪ್ಪಟ್ಟಿಗೆ ಕಡಿಮೆಯಿಲ್ಲ. ಅಗ್ಗದ್ದರ ಮೇಲೆ ವೇಗದ ಸುದ್ದಿಯೇ ಇಲ್ಲ. ದಿನಾ ಕೈಯಲ್ಲಿರೋ ವಸ್ತು, ಬಳಸಿದವರು ಹೇಳಿ.

ಬೆಂಗಳೂರು ಸರ್ವಿಸ್:
ಮೇಷ್ಟ್ರೇ, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಇರೋದು ಓದುವ ವೇಗ, ಅಂದ್ರೆ ಡ್ರೈವಿಂದ ಕಂಪ್ಯೂಟರಿಗೆ ಫೈಲ್ ಬರುವಾಗಿನದ್ದು. ನೀವು ಬೆಳಗ್ಗೆ ಶಾಲೆಗೆ ಹೊರಡೋ ಅವಸರದಲ್ಲಿ ಕಾಯ್ತಾ ಕೂರೋದು ಫೈಲು ಡ್ರೈವಿಗೆ ಹೋಗುವಾಗ. ಆ ಬರೆಯುವ ವೇಗವನ್ನ ಬಹಳಷ್ಟು ಡಬ್ಬಿಗಳು ಹೇಳೋದೇ ಇಲ್ಲ. ದುಡ್ಡು ಕೊಡುವಾಗ ವಿಚಾರಿಸಬೇಕಾದ್ದು ಅದನ್ನೇ.

ಲೆಕ್ಕ ಹಾಕಿ ನೋಡಿ. 20 ಜಿಬಿ ವಿಡಿಯೋ ಇದೆ ಅಂತಿಟ್ಕೊಳ್ಳಿ. ಸೆಕೆಂಡಿಗೆ 8 ಎಂಬಿ ಬರೆಯೋ ಡ್ರೈವಿಗೆ 40 ನಿಮಿಷ ದಾಟುತ್ತೆ. 30 ಎಂಬಿ ಬರೆಯೋದಕ್ಕೆ 11 ನಿಮಿಷ. 300 ಬರೆಯೋದಕ್ಕೆ ಒಂದು ನಿಮಿಷದ ಮೇಲೆ ಸ್ವಲ್ಪ. ಈ ಮೂರೂ ಥರದ ಡ್ರೈವ್ ಒಂದೇ ಗಾಜಿನ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಇರ್ತವೆ.

ಇನ್ನು 2.0, 3.0 ಗೊಂದಲ. ಕ್ರೂಸರ್ ಬ್ಲೇಡ್ ಯುಎಸ್‌ಬಿ 2.0. ಆ ದಾರಿಯ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದ್ರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದ್ರೆ 60 ಮೆಗಾಬೈಟ್. ನಿಜವಾಗಿ ಕೈಗೆ ಸಿಗೋದು 30–35, ಅದೂ ಓದುವಾಗ. 2008ರಲ್ಲಿ 3.0 ಬಂತು, 5 ಗಿಗಾಬಿಟ್. ಆಮೇಲೆ ಅದನ್ನೇ 3.1 ಜೆನ್ 1 ಅಂದ್ರು, ಮತ್ತೆ 3.2 ಜೆನ್ 1 ಅಂದ್ರು. ಮೂರೂ ಒಂದೇ. ಅಂಗಡಿಯವರು "ಇದು 3.0, ಇದು 3.2, ಹೊಸದು" ಅಂತ ನೂರಿನ್ನೂರು ಜಾಸ್ತಿ ಕೇಳಿದ್ರೆ ಜೆನ್ 1ಆ, ಜೆನ್ 2ಆ ಅಂತ ಕೇಳಿ. ಜೆನ್ 2 ಇದ್ರೆ ಮಾತ್ರ 10 ಗಿಗಾಬಿಟ್.

ದಾರಿ ಅಗಲ ಇದ್ದ ಮಾತ್ರಕ್ಕೆ ಒಳಗಿನ ಚಿಪ್ ಅಷ್ಟು ಜೋರಾಗಿ ಬರೆಯುತ್ತೆ ಅಂತಲ್ಲ. 3.2 ಅಂತ ಬರೆದಿರೋ ಅಗ್ಗದ ಡ್ರೈವುಗಳು ಓದೋದರಲ್ಲಿ ನೂರು ದಾಟಿ, ಬರೆಯೋದರಲ್ಲಿ ಹತ್ತು-ಹದಿನೈದಕ್ಕೆ ನಿಂತುಬಿಡೋದು ನನ್ನ ಟೇಬಲ್ ಮೇಲೆ ದಿನಾ ನೋಡೋ ವಿಷಯ.

ತುಮಕೂರು ಸ್ಟುಡಿಯೋ:
ಸರ್ವಿಸ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮದುವೆ ವಿಡಿಯೋ ಗಿರಾಕಿಗಳಿಗೆ ಪೆನ್ ಡ್ರೈವಲ್ಲೇ ಕೊಡೋದು ನಮ್ಮ ಪದ್ಧತಿ. ಈಗಿನ ಲ್ಯಾಪ್‌ಟಾಪಲ್ಲಿ ಸಿ.ಡಿ. ಹಾಕೋ ಜಾಗವೇ ಇಲ್ವಲ್ಲ.

ಕಾಪಿಗೆ ಹಾಕಿದಾಗ ವಿಂಡೋಸ್ ತೋರಿಸೋ ಹಸಿರು ಗ್ರಾಫನ್ನ ಗಮನಿಸಿ. ಶುರುವಿನಲ್ಲಿ ಗೋಡೆ ಥರ ಎತ್ತರಕ್ಕಿರುತ್ತೆ. ಒಂದೆರಡು ಜಿಬಿ ಹೋದ ಮೇಲೆ ದಿಢೀರ್ ಅಂತ ಕೆಳಗಿಳಿದು ನೆಲ ಹಿಡ್ಕೊಂಡು ತೆವಳುತ್ತೆ. ಡ್ರೈವ್ ಕೆಟ್ಟಿದೆ ಅಂತ ಗಾಬರಿಯಾಗಿ ಫೋನ್ ಮಾಡೋರಿದ್ದಾರೆ. ಕೆಟ್ಟಿರೋದಿಲ್ಲ. ಈಗಿನ ಚಿಪ್ಪುಗಳಲ್ಲಿ ಮಾಹಿತಿ ಹಿಡಿದಿಡೋ ಒಂದೊಂದು ಪುಟ್ಟ ಕೋಶಕ್ಕೂ ಮೂರು ಬಿಟ್ ತುಂಬ್ತಾರೆ, ಕೆಲವದರಲ್ಲಿ ನಾಲ್ಕು. ಹಾಗೆ ತುಂಬೋದು ನಿಧಾನದ ಕೆಲಸ. ಅದಕ್ಕೆ ಸ್ವಲ್ಪ ಜಾಗದಲ್ಲಿ ಕೋಶಕ್ಕೆ ಒಂದೇ ಬಿಟ್ ಥರ ಬರೆದು, ಆಮೇಲೆ ಒಳಗೊಳಗೇ ಜೋಡಿಸ್ಕೊಳ್ಳುತ್ತೆ. ಆ ಜಾಗ ತುಂಬೋ ತನಕ ಓಟ, ತುಂಬಿದ ಮೇಲೆ ಅಸಲಿ ವೇಗ. ಆನ್‌ಲೈನಲ್ಲಿ ಒಂದು ಜಿಬಿ ಫೈಲ್ ಹಾಕಿ ಪರೀಕ್ಷೆ ಮಾಡಿ ಐದು ಸ್ಟಾರ್ ಕೊಟ್ಟವರ ಮಾತು ಅದಕ್ಕೇ ಕೆಲಸಕ್ಕೆ ಬರೋಲ್ಲ. ಹತ್ತು ಜಿಬಿ ಒಟ್ಟಿಗೆ ಹಾಕಿ ನೋಡಿದವರ ಮಾತು ಹುಡುಕಿ.

ಇನ್ನೊಂದು, ಒಂದೇ ಮಾಡೆಲ್ಲಲ್ಲೂ 64 ಜಿಬಿಯದ್ದು 256 ಜಿಬಿಯದ್ದಕ್ಕಿಂತ ನಿಧಾನವಾಗಿ ಬರೆಯೋದು ಮಾಮೂಲಿ. ದೊಡ್ಡದರಲ್ಲಿ ಹೆಚ್ಚು ಚಿಪ್ ಪದರಗಳಿಗೆ ಒಟ್ಟೊಟ್ಟಿಗೆ ಬರೆಯಬಹುದು. ನೀವು ಬಾರ್ ಪ್ಲಸ್ ತಗೊಳ್ಳೋದಾದ್ರೆ ಚಿಕ್ಕದು ಬೇಡ, 128ರ ಮೇಲಿನದ್ದೇ ತಗೊಳ್ಳಿ.

ಹುಬ್ಬಳ್ಳಿ ಡಿಟಿಪಿ:
ಮಾಸ್ತರ್ರ, ನಾ ಡಿಟಿಪಿ ಮತ್ತ ಜೆರಾಕ್ಸ್ ಅಂಗಡಿ ನಡಸ್ತೀನ್ರಿ. ಮುಂಜಾನೆಯಿಂದ ಸಂಜೀತನಕ ಮಂದಿ ತಂದ ಪೆನ್ ಡ್ರೈವ್ ಹಚ್ಚೂದ ಕೆಲಸ. ವೇಗದ ಮಾತು ಆಮ್ಯಾಲ ಇರ್ಲಿ, ಮೊದಲ ಇದನ್ನ ಕೇಳ್ರಿ. ಅಂಗಡಿಗೆ ಒಯ್ಯೂ ಡ್ರೈವ್ ಬ್ಯಾರೆ ಇರ್ಲಿ. ಮನಿ ಫೋಟೋ, ಹೆಂಡ್ರು ಮಕ್ಕಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ತುಂಬಿದ ಡ್ರೈವ್ ತಂದು ಎರಡು ಪೇಜ್ ಪ್ರಿಂಟ್ ತೆಗಸ್ತಾರ. ನಮ್ಮ ಮಷಿನಿಗೆ ದಿನಾ ಎಷ್ಟೋ ಮಂದಿ ಡ್ರೈವ್ ಹಚ್ಚತೀವಿ. ಎಷ್ಟ ಆ್ಯಂಟಿವೈರಸ್ ಹಾಕಿದ್ರೂ ಒಂದರಾಗಿಂದ ಇನ್ನೊಂದಕ್ಕ ರೋಗ ಹತ್ತೂದು ಪೂರ್ತಿ ತಪ್ಪಂಗಿಲ್ಲ.

ಎರಡನೇದು, ಕನ್ನಡ ಫೈಲ್. ನುಡಿ ಸಾಫ್ಟ್‌ವೇರಿನೊಳಗ ಹಳೇ ಫಾಂಟಿನ್ಯಾಗ ಟೈಪ್ ಮಾಡಿ ವರ್ಡ್ ಫೈಲ್ ತರ್ತಾರ. ಅಂಗಡ್ಯಾಗ ಆ ಫಾಂಟ್ ಇರ್ಲಿಲ್ಲಂದ್ರ ಪ್ರಶ್ನೆಪತ್ರಿಕಿ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸುಮೇಲೋಗರ ಆಗಿ ಕುಂತಿರ್ತದ. ಯೂನಿಕೋಡಿನ್ಯಾಗ ಟೈಪ್ ಮಾಡಿದ್ರ ಅಕ್ಷರ ಏನೋ ಬರ್ತಾವು, ಆದ್ರ ಸಾಲು ಜರಗಿ ಮೂರು ಪೇಜಿಂದು ನಾಕ್ ಪೇಜ್ ಆಗ್ತದ. ಮನ್ಯಾಗ ಪಿಡಿಎಫ್ ಮಾಡ್ಕೊಂಡು ತರ್ರಿ. ಫಾಂಟ್ ಅದರೊಳಗ ಕುಂತು ಬರ್ತದ. ತಿದ್ದೂ ಸಂಭವ ಇದ್ರ ವರ್ಡ್ ಫೈಲೂ ಇರ್ಲಿ, ಬಾಜೂಕ ಆ ಫಾಂಟ್ ಫೈಲೂ ಇರ್ಲಿ.

ಪ್ರಿಂಟಿಗೆ ಅಂತ ಅಗದೀ ಅಗ್ಗದ 2.0 ಡ್ರೈವ್ ಸಾಕ್ರಿ. ಪಿಡಿಎಫ್ ಎಷ್ಟ್ ದೊಡ್ಡದಿರ್ತದ? ಅರ್ಧ ಎಂಬಿ.

ಮೈಸೂರು ಸಂಶೋಧಕಿ:
ಹುಬ್ಬಳ್ಳಿ ಅಣ್ಣನ ಮಾತು ಅಕ್ಷರಶಃ ನಿಜ. ಪಿಎಚ್‌.ಡಿ. ಪ್ರಬಂಧ ಬರೀತಿರೋ ನಮ್ಮಂಥವರಿಗೆ ಪೆನ್ ಡ್ರೈವ್ ಅಂದ್ರೆ ಜೀವ. ನಮ್ಮ ವಿಭಾಗದ ಹುಡುಗಿಯೊಬ್ಬಳು ಮೊನ್ನೆ ಪ್ರಿಂಟ್ ಮಾಡಿಸಿ ಬಂದ ಮೇಲೆ ಡ್ರೈವಿನಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿವೆ. ಅಧ್ಯಾಯಗಳ ಹೆಸರು ಕಾಣುತ್ತೆ, ಗಾತ್ರ ಒಂದೆರಡು ಕೆಬಿ, ಐಕಾನ್ ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಫಾರ್ಮ್ಯಾಟ್ ಮಾಡು ಅಂತ ಯಾರೋ ಹೇಳಿದ್ದಾರೆ, ನಾನು ತಡೆದಿದ್ದೀನಿ. ಒಳಗಿನ ಫೈಲ್ ಉಳಿದಿರುತ್ತಾ?

ಬೆಂಗಳೂರು ಸರ್ವಿಸ್:
ಮೇಡಂ, ತಡೆದಿದ್ದು ಬಹಳ ಒಳ್ಳೇದಾಯ್ತು. ಫಾರ್ಮ್ಯಾಟ್ ಖಂಡಿತ ಬೇಡ, ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ಕೂ ಬೇಡ. ಸಾಮಾನ್ಯವಾಗಿ ಆ ವೈರಸ್ ಫೈಲ್ ಅಳಿಸೋದಿಲ್ಲ. ನಿಜವಾದ ಫೋಲ್ಡರನ್ನ "ಹಿಡನ್", "ಸಿಸ್ಟಮ್" ಅಂತ ಗುರುತು ಹಾಕಿ ಮರೆಮಾಡಿ, ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತೆ. ಅದನ್ನ ಒತ್ತಿದ್ರೆ ಮೊದಲು ವೈರಸ್ ಓಡುತ್ತೆ, ಆಮೇಲೆ ಫೋಲ್ಡರ್ ತೆರೆಯುತ್ತೆ. ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗೋದಿಲ್ಲ.

ವೈರಸ್ ಇಲ್ಲದ ಕಂಪ್ಯೂಟರಿಗೆ ಹಾಕಿ, ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ. ಹಿಡನ್ ಫೈಲ್ ತೋರಿಸು ಅನ್ನೋದನ್ನ ಆರಿಸಿ, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಮುಂದಿನ ಟಿಕ್ ತೆಗೀರಿ. ಮಸುಕಾಗಿ ಅಸಲಿ ಫೋಲ್ಡರ್ ಕಾಣುತ್ತೆ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರೊಳಗೆ ಎಲ್ಲಾ ಇರುತ್ತೆ. ಬೇಕಾದ ಡಾಕ್ಯುಮೆಂಟ್ ಮಾತ್ರ ಕಂಪ್ಯೂಟರಿಗೆ ಕಾಪಿ ಮಾಡಿ, ಪರಿಚಯವಿಲ್ಲದ ಸ್ಕ್ರಿಪ್ಟ್, ಇಎಕ್ಸ್‌ಇ (ಒತ್ತಿದ್ರೆ ಓಡೋ ಪ್ರೋಗ್ರಾಂ ಫೈಲ್) ಮುಟ್ಟಬೇಡಿ. ಫೈಲೆಲ್ಲ ತೆರೆದು ನೋಡಿ ಖಾತ್ರಿ ಆದ ಮೇಲೆ ಡ್ರೈವ್ ಫಾರ್ಮ್ಯಾಟ್ ಮಾಡಿ.

ಪ್ರಿಂಟ್ ಅಂಗಡಿಗೆ ನಾನು ಹೇಳೋ ಉಪಾಯ ಇನ್ನೊಂದಿದೆ. ಹಳೇ ಕ್ಯಾಮೆರಾದ ದೊಡ್ಡ ಎಸ್‌ಡಿ ಕಾರ್ಡ್ ಇದ್ರೆ ಕಾರ್ಡ್ ರೀಡರಲ್ಲಿ ಹಾಕಿ ಒಯ್ಯಿರಿ. ಕಾರ್ಡಿನ ಪಕ್ಕದಲ್ಲಿರೋ ಪುಟ್ಟ ಲಾಕನ್ನ ಉಗುರಲ್ಲಿ ಕೆಳಗೆ ಎಳೆದ್ರೆ ಬರೆಯೋದು ಬಂದ್. ಅದನ್ನ ಪಾಲಿಸೋದು ರೀಡರ್ ಕೆಲಸ, ಆದ್ದರಿಂದ ಮನೆಯಲ್ಲಿ ಒಮ್ಮೆ ಲಾಕ್ ಹಾಕಿ ಏನಾದ್ರೂ ಕಾಪಿ ಮಾಡೋಕೆ ಪ್ರಯತ್ನಿಸಿ ನೋಡ್ಕೊಳ್ಳಿ. ಬರೆಯೋಕೆ ಬಿಡದಿದ್ರೆ ಅಂಗಡಿಯ ವೈರಸ್ಸಿಗೂ ಬಿಡೋದಿಲ್ಲ.

ಮೈಸೂರು ಸಂಶೋಧಕಿ:
ಸಿಕ್ತು ಸರ್! ಹೆಸರಿಲ್ಲದ ಫೋಲ್ಡರೊಳಗೆ ಐದೂ ಅಧ್ಯಾಯ ಇದ್ದವು. ಅವಳು ಅತ್ತೇಬಿಟ್ಟಳು. ತುಂಬಾ ಧನ್ಯವಾದ.

ಮಂಗಳೂರು ಡ್ರೈವರ್:
ಮೇಷ್ಟ್ರು ಕಾರಿನ ವಿಷಯ ಕೇಳಿದ್ದಾರೆ, ಯಾರೂ ಹೇಳಲೇ ಇಲ್ಲ. ಕಾರಿಗೆ ಬೇಕಾದ್ದು ವೇಗ ಅಲ್ಲ ಮಾರಾಯ್ರೆ. ಒಂದು ಪದದ ಫೈಲ್ ಎಷ್ಟು ದೊಡ್ಡದುಂಟು? ಅಲ್ಲಿ ನೋಡಬೇಕಾದ್ದು ಎರಡು. ಒಂದು, ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗೆ ಎಫ್‌ಎಟಿ32, ಎಕ್ಸ್‌ಎಫ್‌ಎಟಿ ಅಂತ ಬೇರೆ ಬೇರೆ ಹೆಸರುಂಟು, ಹಳೆಯ ಸ್ಟೀರಿಯೋ ಹೆಚ್ಚಿನವು ಎಫ್‌ಎಟಿ32 ಮಾತ್ರ ಓದುವುದು. 64 ಜಿಬಿ ಮತ್ತು ಅದರ ಮೇಲಿನವು ಅಂಗಡಿಯಿಂದ ಬರುವಾಗ ಎಕ್ಸ್‌ಎಫ್‌ಎಟಿ ಆಗಿರುವುದೇ ಹೆಚ್ಚು, ಹಾಕಿದರೆ "ನೋ ಡಿವೈಸ್" ಹೇಳ್ತದೆ. 16 ಅಥವಾ 32 ಜಿಬಿಯದ್ದು ಹಾಕಿದರೆ ಆ ತಲೆಬಿಸಿ ಇಲ್ಲ.

ಇನ್ನೊಂದು ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ಗ್ಲಾಸ್ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಕೈ ಇಡಲಿಕ್ಕೆ ಆಗುವುದಿಲ್ಲ. ಕಾರಿನಲ್ಲಿ ಬಿಡುವ ಡ್ರೈವಿನಲ್ಲಿ ಪದ ಬಿಟ್ಟು ಬೇರೆ ಏನೂ ಇಡಬೇಡಿ. ಉಗುರಿನಷ್ಟು ಸಣ್ಣದು ಬರ್ತದಲ್ಲ, ಸ್ಯಾಮ್‌ಸಂಗ್ ಫಿಟ್ ಪ್ಲಸ್ ಥರದ್ದು, ಅದು ಕಾರಿಗೆ ಒಳ್ಳೆಯದು. ಗೇರ್ ಹಾಕುವಾಗ ಕೈ ತಾಗಿ ಮುರಿಯುವುದಿಲ್ಲ.

ಶಿರಸಿ ಮೇಷ್ಟ್ರು:
ಇಷ್ಟು ಬೇಗ ಇಷ್ಟು ಮಾಹಿತಿ! ಎಫ್‌ಎಟಿ32, ಎಕ್ಸ್‌ಎಫ್‌ಎಟಿ ಅಂದಿರಿ. ಶಾಲೆಯ ಟಿವಿಗೆ ಯಾವುದು? ಮತ್ತೆ 64 ಜಿಬಿ ಅಂತ ಕೊಟ್ಟು 59 ಮಾತ್ರ ತೋರಿಸೋದು ಯಾಕೆ?

ತುಮಕೂರು ಸ್ಟುಡಿಯೋ:
ಎರಡನೇದು ಮೊದಲು. ಕಂಪನಿ ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ. 64 ನೂರು ಕೋಟಿ ಬೈಟ್ ಅಂದ್ರೆ ವಿಂಡೋಸ್ ಲೆಕ್ಕದಲ್ಲಿ 59.6. ಅದರಲ್ಲೂ ಸ್ವಲ್ಪವನ್ನ ಡ್ರೈವ್ ತನ್ನ ಕೆಲಸಕ್ಕೆ ಇಟ್ಕೊಳ್ಳುತ್ತೆ. 57–59 ಕಂಡ್ರೆ ಸರಿಯಾಗಿದೆ ಅಂತಲೇ.

ಟಿವಿ ವಿಷಯ. ಎಫ್‌ಎಟಿ32ರಲ್ಲಿ ಒಂದು ಫೈಲು 4 ಜಿಬಿ ಮೀರೋ ಹಾಗಿಲ್ಲ. ಡ್ರೈವಲ್ಲಿ 50 ಜಿಬಿ ಖಾಲಿ ಇದ್ರೂ 5 ಜಿಬಿಯ ಮದುವೆ ವಿಡಿಯೋ ಹಾಕಿದ್ರೆ "ಫೈಲ್ ತುಂಬಾ ದೊಡ್ಡದು" ಅನ್ನುತ್ತೆ. ಎಕ್ಸ್‌ಎಫ್‌ಎಟಿಗೆ ಆ ಮಿತಿ ಇಲ್ಲ, ಹೊಸ ಟಿವಿಗಳಲ್ಲಿ ಹೆಚ್ಚಿನವು ಓದ್ತವೆ. ಎನ್‌ಟಿಎಫ್‌ಎಸ್ ಅನ್ನೋ ಇನ್ನೊಂದು ಪದ್ಧತಿ ಇದೆ, ಅದನ್ನ ಮಾಡಬೇಡಿ, ಮ್ಯಾಕ್ ಅದನ್ನ ಓದುತ್ತೆ, ಬರೆಯೋಕೆ ಬಿಡೋಲ್ಲ. ನಿಮ್ಮ ಪಾಠದ ವಿಡಿಯೋಗಳು 4 ಜಿಬಿ ಒಳಗಿದ್ರೆ ಎಫ್‌ಎಟಿ32 ಇದ್ದರೂ ನಡೆಯುತ್ತೆ, ಹಳೇ ಪ್ರೊಜೆಕ್ಟರ್, ಡಿವಿಡಿ ಪ್ಲೇಯರ್ ಎಲ್ಲದಕ್ಕೂ ಹೊಂದುತ್ತೆ.

ಲಿನಕ್ಸ್ ಬಳಗ:
ಶಾಲೆಯ ಲ್ಯಾಬಿನಲ್ಲಿ ಉಬುಂಟು ಲಿನಕ್ಸ್ ಇದ್ದರೂ ಎಕ್ಸ್‌ಎಫ್‌ಎಟಿ ತೊಂದರೆ ಕೊಡೋದಿಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರ ಬಹಿರಂಗ ಮಾಡಿತು, ಅದೇ ವರ್ಷ ಬಂದ 5.4 ಕರ್ನೆಲ್ಲಿನಿಂದ (ಕರ್ನೆಲ್ ಅಂದ್ರೆ ಲಿನಕ್ಸಿನ ತಿರುಳು) ಬೆಂಬಲ ಒಳಗೇ ಇದೆ.

ಆದರೆ ಲಿನಕ್ಸಿನಲ್ಲಿ ಎಜೆಕ್ಟ್ (ಡ್ರೈವ್ ತೆಗೀತೀನಿ ಅಂತ ಕಂಪ್ಯೂಟರಿಗೆ ಹೇಳೋದು) ಮಾಡದೆ ಎಳೆಯೋದು ಮಾತ್ರ ಬೇಡ. ಕಾಪಿ ಮುಗಿಯಿತು ಅಂತ ಪರದೆ ಹೇಳುತ್ತೆ, ನಿಜಕ್ಕೆ ಫೈಲ್ ಇನ್ನೂ ರ‍್ಯಾಮ್‌ನಲ್ಲಿ ಇರುತ್ತೆ, ನಿಧಾನದ ಡ್ರೈವಿಗೆ ಹಿಂದಿನಿಂದ ಹೋಗ್ತಾ ಇರುತ್ತೆ. ಎಜೆಕ್ಟ್ ಒತ್ತಿ, "ಈಗ ತೆಗೆಯಬಹುದು" ಅಂತ ಬರೋ ತನಕ ಕಾಯಿರಿ. ನಿಧಾನದ ಡ್ರೈವಾದ್ರೆ ನಿಮಿಷಗಟ್ಟಲೆ ಆಗಬಹುದು.

ತುಮಕೂರು ಸ್ಟುಡಿಯೋ:
ವಿಂಡೋಸ್ 10ರ 1809 ಆವೃತ್ತಿಯಿಂದ ತಾನಾಗೇ "ಕ್ವಿಕ್ ರಿಮೂವಲ್" ಇದೆಯಲ್ಲ ಬ್ರೋ, ಅಲ್ಲಿ ಎಜೆಕ್ಟ್ ಮಾಡದಿದ್ರೂ ನಡೆಯುತ್ತೆ.

ಲಿನಕ್ಸ್ ಬಳಗ:
ಕಾಪಿ ಪೂರ್ತಿ ಮುಗಿದಿದ್ರೆ ನಡೆಯುತ್ತೆ, ಒಪ್ಪಿದೆ. ಆದರೆ ಡ್ರೈವಿನಲ್ಲೇ ವರ್ಡ್ ಫೈಲ್ ತೆರೆದು ತಿದ್ದುತ್ತಾ ಇರ್ತಾರೆ, ಅದನ್ನ ಮುಚ್ಚದೆ ಕಿತ್ಕೊಂಡು ಹೋಗ್ತಾರೆ. ಅದನ್ನ ಯಾವ ಆವೃತ್ತಿಯೂ ಕಾಯೋದಿಲ್ಲ. ಎಕ್ಸ್‌ಎಫ್‌ಎಟಿಯಲ್ಲಿ ಜರ್ನಲ್ (ಮಾಡೋ ಬದಲಾವಣೆಯನ್ನ ಮೊದಲೇ ಬರೆದಿಟ್ಕೊಳ್ಳೋ ದಾಖಲೆ) ಇಲ್ಲ, ಅರ್ಧ ಬರೆದಾಗ ಎಳೆದ್ರೆ ಫೋಲ್ಡರೇ ಕೆಡಬಹುದು. ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ತಿದ್ದಿ, ಮತ್ತೆ ಡ್ರೈವಿಗೆ ಹಾಕೋ ಅಭ್ಯಾಸವೇ ವಾಸಿ.

ಕಲಬುರಗಿ ವಿದ್ಯಾರ್ಥಿ:
ಅಣ್ಣಾರ, ಆನ್‌ಲೈನ್‌ನ್ಯಾಗ 2 ಟಿಬಿ ಪೆನ್ ಡ್ರೈವ್ ಐನೂರು ರೂಪಾಯಿಗೆ ತೋರಿಸಾಕತ್ತದ. ತಗೋಬಹುದಾ?

ಬೆಂಗಳೂರು ಸರ್ವಿಸ್:
ಬೇಡಪ್ಪ, ದಯವಿಟ್ಟು ಬೇಡ. ಅದರೊಳಗೆ 16 ಅಥವಾ 32 ಜಿಬಿ ಚಿಪ್ ಇರುತ್ತೆ. ಚಿಪ್ಪನ್ನ ನಡೆಸೋ ಕಂಟ್ರೋಲರಿಗೆ 2 ಟಿಬಿ ಅಂತ ಸುಳ್ಳು ಹೇಳೋಕೆ ಕಲಿಸಿರ್ತಾರೆ. ಜಾಗ ತುಂಬಿದ ಮೇಲೂ ಕಾಪಿ ನಡೀತಾನೇ ಇರುತ್ತೆ, ಹೆಸರು ಕಾಣುತ್ತೆ, ಗಾತ್ರ ಕಾಣುತ್ತೆ. ಹಿಂದೆ ಹಾಕಿದ್ದರ ಮೇಲೆ ಬರೆದಿರುತ್ತೆ, ಇಲ್ಲಾ ಎಲ್ಲೂ ಬರೆದಿರೋದೇ ಇಲ್ಲ. ಫೋಟೋ ತೆರೆದಾಗಲೇ ಗೊತ್ತಾಗೋದು, ಅಷ್ಟರಲ್ಲಿ ಮೊಬೈಲಿಂದ ಅಳಿಸಿಯಾಗಿರುತ್ತೆ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಕೊಟ್ಟು ಹುಡುಗರು ಇದಕ್ಕೆ ಬಲಿ ಆಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಯಾವ ಡ್ರೈವ್ ತಗೊಂಡ್ರೂ ಮೊದಲ ದಿನ ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿ, ಲಿನಕ್ಸಲ್ಲಾದ್ರೆ ಎಫ್3. ಪೂರ್ತಿ ಡ್ರೈವ್ ತುಂಬಿಸಿ, ವಾಪಸ್ ಓದಿ, ತಾಳೆ ನೋಡುತ್ತೆ. ಕೊನೆಯವರೆಗಿನ ಅಸಲಿ ಬರೆಯುವ ವೇಗವೂ ಅದರಲ್ಲೇ ಗೊತ್ತಾಗುತ್ತೆ. ಒಂದೇ ಏಟಿಗೆ ಎರಡೂ ಪರೀಕ್ಷೆ.

ಶಿರಸಿ ಮೇಷ್ಟ್ರು:
ಪ್ರಶ್ನೆಪತ್ರಿಕೆ ಬಗ್ಗೆ ಒಂದು ಆತಂಕ. ಪ್ರಿಂಟ್ ಆದ ಮೇಲೆ ಡ್ರೈವಿಂದ ಡಿಲೀಟ್ ಮಾಡ್ತೇನೆ. ಅದೇ ಡ್ರೈವನ್ನ ಪ್ರಾಜೆಕ್ಟ್ ಕೆಲಸಕ್ಕೆ ಮಕ್ಕಳ ಕೈಗೂ ಕೊಡೋದುಂಟು. ಅಷ್ಟು ಸಾಕಾಗ್ತದಾ?

ಬೆಂಗಳೂರು ಸರ್ವಿಸ್:
ಸಾಕಾಗೋದಿಲ್ಲ ಮೇಷ್ಟ್ರೇ. ಡಿಲೀಟ್ ಒತ್ತಿದಾಗ ಹೋಗೋದು ಪಟ್ಟಿಯಲ್ಲಿನ ಹೆಸರು, ಒಳಗಿನ ಬರಹ ಇದ್ದಲ್ಲೇ ಇರುತ್ತೆ. ಅದರ ಮೇಲೆ ಇನ್ನೊಂದು ಫೈಲ್ ಬಂದು ಕೂರೋ ತನಕ ಫೋಟೋರೆಕ್ ಥರದ ಉಚಿತ ಸಾಫ್ಟ್‌ವೇರಲ್ಲಿ ಒಂಬತ್ತನೇ ಕ್ಲಾಸಿನ ಚುರುಕಾದ ಹುಡುಗನೂ ತೆಗೀಬಲ್ಲ. ಹೆಸರಿಗೆ ಫೋಟೋ, ಆದರೆ ಪಿಡಿಎಫ್, ವರ್ಡ್ ಎಲ್ಲವನ್ನೂ ಎತ್ತುತ್ತೆ. ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೂ ಅಷ್ಟೇ. ಫಾರ್ಮ್ಯಾಟ್ ಕಿಟಕಿಯಲ್ಲಿ "ಕ್ವಿಕ್" ಮುಂದಿನ ಟಿಕ್ ತೆಗೆದು ಪೂರ್ತಿ ಮಾಡಿದ್ರೆ ಮಾತ್ರ ಎಲ್ಲಾ ಕಡೆ ಸೊನ್ನೆ ಬರೆಯುತ್ತೆ. ಅದಕ್ಕಿಂತ ಪರೀಕ್ಷೆಯ ಕೆಲಸಕ್ಕೆ ಒಂದು ಡ್ರೈವನ್ನೇ ಮೀಸಲಿಡಿ. ಮಕ್ಕಳ ಕೈಗೆ ಅದು ಯಾವತ್ತೂ ಹೋಗಬಾರದು.

ಪಾಸ್‌ವರ್ಡ್ ಬೇಕು ಅಂದ್ರೆ ಡ್ರೈವಿಗೆ ಬೀಗ ಹಾಕೋ ವಿಂಡೋಸಿನದ್ದೇ ಬಿಟ್‌ಲಾಕರ್ ಟು ಗೋ ಇದೆ. ಹಾಕೋಕೆ ವಿಂಡೋಸ್ ಪ್ರೊ ಬೇಕು, ಆಮೇಲೆ ಹೋಮ್ ಇರೋ ಕಂಪ್ಯೂಟರಲ್ಲೂ ಬಿಚ್ಚಬಹುದು. ಟಿವಿ, ಕಾರು ಓದೋದಿಲ್ಲ. ದಾರಿಯಲ್ಲಿ ಬಿದ್ದುಹೋದ್ರೆ ಸಿಕ್ಕವರಿಗೆ ಏನೂ ಕಾಣೋದಿಲ್ಲ, ಅದೇ ದೊಡ್ಡ ನೆಮ್ಮದಿ.

ಹುಬ್ಬಳ್ಳಿ ಡಿಟಿಪಿ:
ಅಂಗಡಿ ಕಡೆಯಿಂದನೂ ಹೇಳ್ತೀನ್ರಿ. ನಮ್ಮ ವಾಟ್ಸಾಪ್ ನಂಬರಿಗೆ ಪ್ರಶ್ನೆಪತ್ರಿಕಿ ಕಳಿಸೂ ಮಾಸ್ತರ್ರು ಭಾಳ ಮಂದಿ ಅದಾರ. ಹಂಗ ಮಾಡಬ್ಯಾಡ್ರಿ. ನಮ್ಮ ಫೋನಿನ್ಯಾಗ, ಕಂಪ್ಯೂಟರಿನ ಡೌನ್‌ಲೋಡ್ಸ್‌ನ್ಯಾಗ ಎರಡೂ ಕಡೆ ಕುಂತಿರ್ತದ. ಡ್ರೈವ್ ತಂದು, ಎದುರಿಗೆ ನಿಂತು, ಡ್ರೈವಿಂದನ ಪಿಡಿಎಫ್ ತಗದು ಪ್ರಿಂಟ್ ಕೊಡ್ಸಿ. ಡೆಸ್ಕ್‌ಟಾಪಿಗೆ ಕಾಪಿ ಮಾಡಿದ್ರ ಅಳಿಸಂತ ಹೇಳ್ರಿ, ರೀಸೈಕಲ್ ಬಿನ್ ಖಾಲಿ ಮಾಡಂತ ಹೇಳ್ರಿ. ಹಂಗ ಕೇಳಿದ್ರ ನಮಗ ಸಿಟ್ಟೇನ್ ಬರಂಗಿಲ್ರಿ. ಹಾಳಾದ ಪ್ರತೀನೂ ಕಸದ ಬುಟ್ಟಿಗೆ ಬಿಡದ ಮನಿಗೆ ಒಯ್ಯಿರಿ.

ತುಮಕೂರು ಸ್ಟುಡಿಯೋ:
ಫೋಟೋ ಇಳಿಸಿಡೋ ಮಾತಿಗೆ ಬರ್ತೀನಿ. ಅದಕ್ಕೆ ಪೆನ್ ಡ್ರೈವ್ ಬೇಡ್ವೇ ಬೇಡ ಸರ್. ಪುಟ್ಟ ಎಸ್‌ಎಸ್‌ಡಿ (ತಿರುಗೋ ತಟ್ಟೆ ಬದಲು ಚಿಪ್ ಇರೋ ಡಿಸ್ಕ್) ತಗೊಳ್ಳಿ. ಟ್ರಾನ್ಸೆಂಡ್ ಇಎಸ್‌ಡಿ310 ನೋಡೋಕೆ ಪೆನ್ ಡ್ರೈವೇ, ಎರಡು ತುದಿಗೂ ಮೂತಿ, ಓದೋದು ಸೆಕೆಂಡಿಗೆ 1050 ಎಂಬಿ, ಬರೆಯೋದು 950 ಅಂತ ಕಂಪನಿ ಎರಡನ್ನೂ ಬರೆದುಕೊಡುತ್ತೆ. ಕಿಂಗ್‌ಸ್ಟನ್ ಡಿಟಿ ಮ್ಯಾಕ್ಸ್ 1000 ಮತ್ತು 900. ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಪ್ರೊ 420 ಮತ್ತು 380. ಬರೆಯುವ ವೇಗ ಹೇಳೋಕೆ ಹಿಂಜರಿಯದ ಕಂಪನಿ ಮಾಲು ಬೇರೆಯದೇ ಇರುತ್ತೆ.

ಬೆಂಗಳೂರು ಸರ್ವಿಸ್:
ನಿಮ್ಮ ಸ್ಟುಡಿಯೋಗೆ ಸರಿ, ಮೇಷ್ಟ್ರಿಗೆ ಆ ದುಡ್ಡು ಯಾಕೆ? ಮಾಮೂಲಿ ಲ್ಯಾಪ್‌ಟಾಪಿನ 5 ಗಿಗಾಬಿಟ್ ಪೋರ್ಟಲ್ಲಿ ಆ ಸಾವಿರದ ಅರ್ಧವೂ ಸಿಗೋದಿಲ್ಲ. ಟಿವಿಯ ಪೋರ್ಟ್ ಹೆಚ್ಚಿನ ಕಡೆ 2.0.

ಫೋಟೋ ಇಡೋ ವಿಷಯದಲ್ಲಿ ನನ್ನ ವಾದ ಬೇರೆ. ಫ್ಲ್ಯಾಶ್ ಚಿಪ್ ನೆನಪಿಡೋದು ವಿದ್ಯುದಾವೇಶದ ರೂಪದಲ್ಲಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ರೆ ಅದು ಮೆಲ್ಲಮೆಲ್ಲಗೆ ಸೋರುತ್ತೆ, ಬಿಸಿ ಜಾಸ್ತಿಯಾದ್ರೆ ಬೇಗ ಸೋರುತ್ತೆ. ಕೋಶಕ್ಕೆ ಮೂರು ಬಿಟ್ ಅಂದ್ರೆ ಎಂಟು ಮಟ್ಟದ ಆವೇಶ ಗುರುತಿಸಬೇಕು, ನಾಲ್ಕು ಬಿಟ್ ಅಂದ್ರೆ ಹದಿನಾರು. ಸ್ವಲ್ಪ ಸರಿದರೂ ಲೆಕ್ಕ ತಪ್ಪುತ್ತೆ. ಪೆನ್ ಡ್ರೈವಾಗಲಿ ಎಸ್‌ಎಸ್‌ಡಿಯಾಗಲಿ, ಒಂದೇ ಪ್ರತಿ ಇಟ್ಟು ಮರೆತುಬಿಡೋಕೆ ಮಾಡಿದ ವಸ್ತು ಅಲ್ಲ. ಫೋಟೋಗೆ ಒಂದು ಮಾಮೂಲಿ ಹಾರ್ಡ್ ಡಿಸ್ಕ್, ಜೊತೆಗೆ ಇನ್ನೊಂದು ಕಡೆ ಇನ್ನೊಂದು ಪ್ರತಿ. ಮೊಬೈಲಿಂದ ಹಾರ್ಡ್ ಡಿಸ್ಕಿಗೆ ಸಾಗಿಸೋಕೆ ಡ್ಯುಯಲ್ ಡ್ರೈವ್ ಚೆನ್ನಾಗಿದೆ. ಸಾಗಿಸೋಕೆ ಮಾತ್ರ.

ತುಮಕೂರು ಸ್ಟುಡಿಯೋ:
ಎರಡು ಪ್ರತಿ ಇರಲೇಬೇಕು ಅನ್ನೋದಕ್ಕೆ ನನ್ನದೂ ಸೈ. ಹಾರ್ಡ್ ಡಿಸ್ಕ್ ಕೈ ಜಾರಿ ಬಿದ್ರೆ ಕಥೆ ಮುಗೀತು ಅನ್ನೋದೂ ನೆನಪಿರಲಿ.

ಶಿರಸಿ ಮೇಷ್ಟ್ರು:
ಹಾಗಾದರೆ ಹೀಗೆ ಮಾಡ್ತೇನೆ. ಪ್ರಿಂಟಿಗೆ ಮತ್ತು ಪರೀಕ್ಷೆಗೆ ಅಂತಲೇ ಒಂದು ಅಗ್ಗದ 2.0. ಪಾಠಕ್ಕೆ, ಮೊಬೈಲಿಗೆ ಡ್ಯುಯಲ್ 128 ಜಿಬಿ. ಕಾರಿಗೆ ಮನೆಯಲ್ಲಿರೋ ಹಳೇ 16 ಜಿಬಿಯೇ ಸಾಕು. ಬಾರ್ ಪ್ಲಸ್ ಚಂದ ಇದೆ, ಆದರೆ ನನ್ನ ಫೋನಿಗೆ ಸಿಕ್ಕಿಸೋಕೆ ಬರೋದಿಲ್ಲ. ಒಂದೇ ಅನುಮಾನ, ಗೆಳೆಯರೊಬ್ಬರ ಡ್ಯುಯಲ್ ಡ್ರೈವ್ ನನ್ನ ಲ್ಯಾಪ್‌ಟಾಪಿಗೆ ಹಾಕಿದಾಗ 30 ಎಂಬಿ ದಾಟಲಿಲ್ಲ, ಓದುವಾಗಲೂ. ಡ್ರೈವಿನ ದೋಷವಾ?

ಬೆಂಗಳೂರು ಸರ್ವಿಸ್:
ಓದುವಾಗಲೂ ಮೂವತ್ತಕ್ಕೇ ನಿಂತ್ರೆ ಅದು 2.0 ದಾರಿಯಲ್ಲಿ ಹೋಗ್ತಿದೆ ಅಂತ ಅರ್ಥ. ಪೋರ್ಟ್ ಒಳಗಿನ ನಾಲಗೆ ನೀಲಿ ಬಣ್ಣದ್ದಾ, ಅಥವಾ ಪಕ್ಕದಲ್ಲಿ ಎಸ್‌ಎಸ್ ಅಂತ ಗುರುತಿದೆಯಾ ನೋಡಿ. ಕಪ್ಪಾಗಿದ್ದು ಗುರುತೂ ಇಲ್ಲದಿದ್ರೆ ಅದು 2.0 ಪೋರ್ಟೇ ಇರಬಹುದು, ಇನ್ನೊಂದು ಬದಿಯದ್ದಕ್ಕೆ ಹಾಕಿ. ನೀಲಿಯೇ ಆಗಿದ್ರೆ ಡ್ರೈವ್ ತೆಗೆದು ಒಂದೇ ಸಲಕ್ಕೆ ಪಟ್ಟಂತ ಒಳಗೆ ತಳ್ಳಿ. 3.0ರ ಮೂತಿಯಲ್ಲಿ ಮುಂದಿನ ಸಾಲಿನ ನಾಲ್ಕು ಸಂಪರ್ಕ ಹಳೇ 2.0ದು, ಹಿಂದಿನ ಸಾಲಿನ ಐದು ಹೊಸದು. ಮೆಲ್ಲಗೆ ತುರುಕಿದ್ರೆ ಮುಂದಿನ ನಾಲ್ಕು ಮೊದಲು ತಾಗಿ, ಕಂಪ್ಯೂಟರ್ ಇದನ್ನ 2.0 ಅಂತಲೇ ಗುರುತಿಸಿಬಿಡೋದುಂಟು. ಬಿಲ್ಲನ್ನ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಹೆಸರಾಂತ ಕಂಪನಿಗಳ ಹಲವು ಡ್ರೈವುಗಳಿಗೆ 5 ವರ್ಷ ವಾರಂಟಿ ಇದೆ, ಕೆಟ್ಟರೆ ಬದಲಿ ಡ್ರೈವ್ ಕೊಡ್ತಾರೆ, ಒಳಗಿದ್ದ ಫೈಲ್ ಕೊಡೋದಿಲ್ಲ.

ಶಿರಸಿ ಮೇಷ್ಟ್ರು:
ನೀಲಿ ಪೋರ್ಟೇ. ಪಟ್ಟಂತ ಹಾಕಿದೆ, 130 ತೋರಿಸ್ತಾ ಇದೆ! ಸಂಜೆ ಅಂಗಡಿಗೆ ಹೋಗಿ ಎರಡನ್ನೂ ತರ್ತೇನೆ, ರಾತ್ರಿ ಎಚ್‌2ಟೆಸ್ಟ್‌ಡಬ್ಲ್ಯೂ ಓಡಿಸಿ ಬರೆಯುವ ವೇಗ ಎಷ್ಟು ಬಂತು ಅಂತ ಇಲ್ಲೇ ಹಾಕ್ತೇನೆ.